ಎಲ್‌ಡಿಎಚ್ ಜಾಸ್ತಿ ಬಂದಿದೆ ಅಂದರೆ ಏನು?

ನಾನು ಮುಂಬೈಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮನೆ ಡೊಂಬಿವಲಿ, ಊರು ಕುಂದಾಪುರದ ಕಡೆ. ಹಾಗಾಗಿ ನಮ್ಮವರ ಎಷ್ಟೋ ರಿಪೋರ್ಟುಗಳು ಡಾಕ್ಟರ ಹತ್ತಿರ ಹೋಗುವ ಮೊದಲೇ ನನ್ನ ವಾಟ್ಸಾಪಿಗೆ ಬರುತ್ತವೆ. ಠಾಣೆಯಿಂದ ಒಬ್ಬರು, ಮಾಟುಂಗದಿಂದ ಒಬ್ಬರು, ವಸಾಯಿಯಿಂದ ಇನ್ನೊಬ್ಬರು. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಬಗ್ಗೆ ಈಗ ಯಾರೂ ಅಷ್ಟಾಗಿ ಕೇಳುವುದಿಲ್ಲ. ಅವೆಲ್ಲ ಅಭ್ಯಾಸವಾಗಿಬಿಟ್ಟಿವೆ. ಹೆದರಿ ಕೇಳುವುದು ಎಲ್‌ಡಿಎಚ್ ಬಗ್ಗೆ. ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ, ಅದರ ಪಕ್ಕ ಮೇಲಕ್ಕೆ ತೋರಿಸುವ ಬಾಣ. ಕೂಡಲೇ ಮೊಬೈಲಿನಲ್ಲಿ ಹುಡುಕುತ್ತಾರೆ. ಕ್ಯಾನ್ಸರ್ ಅನ್ನುವ ಪದ ಕಣ್ಣಿಗೆ ಬೀಳುತ್ತದೆ. ಆಮೇಲೆ ಆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಈ ಭಯ ನೋಡಿದಾಗ ನನಗೆ ತುಂಬ ಸಂಕಟವಾಗುತ್ತದೆ. ಯಾಕೆಂದರೆ ಎಲ್‌ಡಿಎಚ್ ಒಂದೇ ಅಷ್ಟು ದೊಡ್ಡ ತೀರ್ಪು ಕೊಡುವ ಟೆಸ್ಟೇ ಅಲ್ಲ. ಮೈಯೊಳಗೆ ಎಲ್ಲೋ ಜೀವಕೋಶಗಳು ಒಡೆಯುತ್ತಿವೆ ಅಂತ ಅದು ಹೇಳುತ್ತದೆ, ಅಷ್ಟೆ. ಎಲ್ಲಿ, ಯಾಕೆ ಅಂತ ಹೇಳುವುದು ಅದರ ಕೈಲಿ ಆಗುವುದಿಲ್ಲ. ಕೆಲವು ಸಲ ಕೋಶ ಒಡೆದಿರುವುದು ಮೈಯೊಳಗೂ ಅಲ್ಲ, ರಕ್ತ ತೆಗೆದ ಸಿರಿಂಜಿನಲ್ಲಿ.

ಪೂರ್ತಿ ಹೆಸರು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಇದೊಂದು ಕಿಣ್ವ. ಸಕ್ಕರೆಯನ್ನು ಒಡೆದು ಶಕ್ತಿ ಮಾಡಿಕೊಳ್ಳುವ ಕೆಲಸ ನಮ್ಮ ಪ್ರತಿ ಜೀವಕೋಶದಲ್ಲೂ ನಡೆಯುತ್ತದೆ. ಆ ಕೆಲಸದ ಕೊನೆಯಲ್ಲಿ ಪೈರುವೇಟ್ ಅನ್ನುವ ವಸ್ತು ಉಳಿಯುತ್ತದೆ. ಆಮ್ಲಜನಕ ಸಾಲದಾದಾಗ ಅದನ್ನು ಲ್ಯಾಕ್ಟೇಟ್ ಮಾಡುವುದು ಈ ಕಿಣ್ವ. ಬೇಕಾದಾಗ ಲ್ಯಾಕ್ಟೇಟನ್ನು ವಾಪಸ್ ಪೈರುವೇಟ್ ಮಾಡುವುದೂ ಇದೇ. ಹೃದಯ, ಲಿವರ್, ಕಿಡ್ನಿ, ಸ್ನಾಯು, ಶ್ವಾಸಕೋಶ, ಕೆಂಪು ರಕ್ತಕಣ, ಎಲ್ಲ ಕಡೆಯೂ ಇದೆ. ಕೋಶ ಗಟ್ಟಿಯಾಗಿರುವವರೆಗೆ ಒಳಗೇ ಇರುತ್ತದೆ. ಹಳೆಯ ಕೋಶ ಸತ್ತು ಹೊಸದು ಹುಟ್ಟುವುದು ದಿನಾ ನಡೆಯುವ ವಿಷಯ, ಅದಕ್ಕೇ ಆರೋಗ್ಯವಂತರ ರಕ್ತದಲ್ಲೂ ಸ್ವಲ್ಪ ಇರುತ್ತದೆ. ಒಡೆಯುವ ಕೋಶಗಳು ಜಾಸ್ತಿಯಾದರೆ ಸಂಖ್ಯೆ ಏರುತ್ತದೆ.

ಬೆಳಿಗ್ಗೆ ಅಂಗಡಿ ಮುಂದೆ ಹಾಲಿನ ಕ್ರೇಟ್ ಇಳಿಸಿರುತ್ತಾರೆ. ಕೆಳಗೆ ನೆಲ ಒದ್ದೆಯಾಗಿದ್ದರೆ ಯಾವುದೋ ಪ್ಯಾಕೆಟ್ ಹರಿದಿದೆ ಅಂತ ಗೊತ್ತಾಗುತ್ತದೆ. ಯಾವುದು ಅಂತ ತಿಳಿಯಲು ಒಂದೊಂದೇ ಎತ್ತಿ ನೋಡಬೇಕು. ಎಲ್‌ಡಿಎಚ್ ಆ ಒದ್ದೆ ನೆಲದ ಹಾಗೆ.

ನಾವು ಅಳೆಯುವ ರೀತಿ ನನಗೆ ಈಗಲೂ ಖುಷಿ ಕೊಡುತ್ತದೆ. ಕಿಣ್ವವನ್ನು ನೇರವಾಗಿ ಎಣಿಸುವುದಿಲ್ಲ. ಅದು ಮಾಡುವ ಕೆಲಸದ ವೇಗವನ್ನು ಅಳೆಯುತ್ತೇವೆ. ರಕ್ತದಿಂದ ಕಣಗಳನ್ನು ಬೇರೆ ಮಾಡಿದ ಮೇಲೆ ಸಿಗುವ ತಿಳಿ ದ್ರವ, ಅಂದರೆ ಸೀರಂಗೆ, ಲ್ಯಾಕ್ಟೇಟ್ ಮತ್ತು ಎನ್‌ಎಡಿ ಅನ್ನುವ ವಸ್ತು ಇರುವ ರೀಏಜೆಂಟ್ (ಟೆಸ್ಟಿನ ದ್ರಾವಣ) ಸೇರುತ್ತದೆ. 37 ಡಿಗ್ರಿಯಲ್ಲಿ ಕಿಣ್ವ ಕೆಲಸ ಶುರುಮಾಡುತ್ತದೆ. ಲ್ಯಾಕ್ಟೇಟ್ ಪೈರುವೇಟ್ ಆದ ಹಾಗೆಲ್ಲ ಎನ್‌ಎಡಿ ಎನ್‌ಎಡಿಎಚ್ ಆಗುತ್ತದೆ. ಈ ಎನ್‌ಎಡಿಎಚ್ 340 ನ್ಯಾನೋಮೀಟರ್ ಅಲೆಯ ಬೆಳಕನ್ನು ಹೀರಿಕೊಳ್ಳುತ್ತದೆ, ಮೊದಲಿದ್ದ ಎನ್‌ಎಡಿ ಹೀರುವುದಿಲ್ಲ. ಕಣ್ಣಿಗೆ ಕಾಣದ ಈ ಬೆಳಕು ಎಷ್ಟು ಬೇಗ ಕಡಿಮೆಯಾಗುತ್ತಿದೆ ಅಂತ ಮಷಿನ್ ನೋಡುತ್ತದೆ. ಅದರಿಂದ ಲೆಕ್ಕ ಹಾಕುತ್ತದೆ. ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ವಸ್ತುವನ್ನು ಬದಲಿಸುವಷ್ಟು ಕಿಣ್ವ ಅಂದರೆ ಒಂದು ಯುನಿಟ್. ರಿಪೋರ್ಟಿನಲ್ಲಿ ನೀವು ನೋಡುವುದು ಒಂದು ಲೀಟರಿಗೆ ಎಷ್ಟು ಯುನಿಟ್ ಅಂತ.

ಇಲ್ಲೇ ಒಂದು ದೊಡ್ಡ ಗೊಂದಲ ಹುಟ್ಟುತ್ತದೆ. ಕೆಲವು ಲ್ಯಾಬುಗಳಲ್ಲಿ ಇದೇ ಕ್ರಿಯೆಯನ್ನು ಉಲ್ಟಾ ನಡೆಸುತ್ತಾರೆ, ಪೈರುವೇಟಿನಿಂದ ಲ್ಯಾಕ್ಟೇಟಿಗೆ. ಆ ದಿಕ್ಕಿನಲ್ಲಿ ಕಿಣ್ವ ಜೋರಾಗಿ ಓಡುತ್ತದೆ. ಅದೇ ರಕ್ತಕ್ಕೆ ಸಂಖ್ಯೆ ಸುಮಾರು ಎರಡು ಪಟ್ಟು ಬರುತ್ತದೆ. ಅವರ ನಾರ್ಮಲ್ ಮಿತಿಯೂ ಅಷ್ಟೇ ಮೇಲಿರುತ್ತದೆ. ಒಂದು ಲ್ಯಾಬಿನ ಮಿತಿ 220ರ ಆಸುಪಾಸು ಇದ್ದರೆ ಇನ್ನೊಂದರದ್ದು 450 ದಾಟಿರಬಹುದು. ಎರಡೂ ಸರಿ. ಆದರೆ ಕಲ್ಯಾಣದಲ್ಲಿ ಮಾಡಿಸಿದ 210 ಮತ್ತು ದಾದರಿನಲ್ಲಿ ಮಾಡಿಸಿದ 400 ಪಕ್ಕಪಕ್ಕ ಇಟ್ಟು, ಒಂದೇ ತಿಂಗಳಲ್ಲಿ ಎರಡು ಪಟ್ಟಾಯಿತು ಅಂತ ಅಳುವವರನ್ನು ನಾನು ನೋಡಿದ್ದೇನೆ. ಎರಡೂ ರಿಪೋರ್ಟಿನಲ್ಲಿ ಸಂಖ್ಯೆಯ ಪಕ್ಕದ ಮಿತಿ ಓದಿದ್ದರೆ ಆ ರಾತ್ರಿ ಅವರು ನಿದ್ದೆ ಮಾಡಬಹುದಿತ್ತು. ಮಕ್ಕಳ ಮಿತಿಯೂ ಬೇರೆ. ಹುಟ್ಟಿದ ಮಗುವಿಗೆ ದೊಡ್ಡವರಿಗಿಂತ ಎಷ್ಟೋ ಜಾಸ್ತಿ ಇರುತ್ತದೆ, ಬೆಳೆಯುತ್ತಾ ಇಳಿಯುತ್ತದೆ. ಬಾಣಂತಿ ಮನೆಯಲ್ಲಿ ಮಗುವಿನ ರಿಪೋರ್ಟ್ ಹಿಡಿದು ಯಾರೂ ದೊಡ್ಡವರ ಮಿತಿಗೆ ಹೋಲಿಸಬೇಡಿ.

ಈಗ ರಕ್ತ ತೆಗೆಯುವ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದು ಈ ಟೆಸ್ಟಿನ ಜೀವ.

ಕೆಂಪು ರಕ್ತಕಣದೊಳಗೆ ಎಲ್‌ಡಿಎಚ್ ಸೀರಂಗಿಂತ ನೂರು ಪಟ್ಟಿಗೂ ಜಾಸ್ತಿ ಇರುತ್ತದೆ. ಸ್ವಲ್ಪ ಕಣಗಳು ಒಡೆದರೂ ಸಾಕು, ಸಂಖ್ಯೆ ಮೇಲೆ ಹೋಗುತ್ತದೆ. ಇದಕ್ಕೆ ನಾವು ಹೀಮೋಲಿಸಿಸ್ ಅನ್ನುತ್ತೇವೆ. ಕಾಯಿಲೆಯಿಂದ ಮೈಯೊಳಗೆ ಆಗುವುದೂ ಉಂಟು. ಆದರೆ ಲ್ಯಾಬಿನಲ್ಲಿ ನಾವು ನೋಡುವ ಹೀಮೋಲಿಸಿಸ್‌ನಲ್ಲಿ ಹೆಚ್ಚಿನದು ರಕ್ತ ತೆಗೆಯುವಾಗ ಆದದ್ದು. ತೀರಾ ಸಣ್ಣ ಸೂಜಿ ಹಾಕಿದರೆ ಆಗುತ್ತದೆ. ಸ್ಪಿರಿಟ್ ಒಣಗುವ ಮೊದಲೇ ಚುಚ್ಚಿದರೆ ಆಗುತ್ತದೆ. ನರ ಸರಿಯಾಗಿ ಸಿಗದೆ ಸಿರಿಂಜನ್ನು ಜೋರಾಗಿ ಎಳೆದರೆ, ಆಮೇಲೆ ಸೂಜಿಯ ಮೂಲಕವೇ ಟ್ಯೂಬಿನೊಳಗೆ ರಭಸವಾಗಿ ಒತ್ತಿದರೆ ಖಂಡಿತ ಆಗುತ್ತದೆ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಬಿಡಬಾರದು. ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು, ಕುಲುಕಬಾರದು.

ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಡುತ್ತೇವೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ತಿಳಿ ಹಳದಿ ಸೀರಂ ನಿಲ್ಲುತ್ತದೆ. ಅದು ಗುಲಾಬಿ ಅಥವಾ ಕೆಂಪಾಗಿ ಕಂಡರೆ ಕಣಗಳು ಒಡೆದಿವೆ ಅಂತಲೇ ಅರ್ಥ. ಈಗಿನ ಮಷಿನುಗಳು ಎಷ್ಟು ಕೆಂಪು ಅಂತ ತಾವೇ ಅಳೆದು ಎಚ್ಚರಿಕೆ ಕೊಡುತ್ತವೆ. ನಮ್ಮ ಲ್ಯಾಬಿನಲ್ಲಿ ಅಂಥ ಸ್ಯಾಂಪಲ್‌ನ ಎಲ್‌ಡಿಎಚ್ ನಾವು ಹೊರಗೆ ಬಿಡುವುದಿಲ್ಲ. ಮತ್ತೆ ರಕ್ತ ಕೊಡಿ ಅಂತ ಫೋನ್ ಮಾಡುತ್ತೇವೆ. ಜನರಿಗೆ ಸಿಟ್ಟು ಬರುತ್ತದೆ. "ಒಂದು ಸಲ ಕೊಟ್ಟಾಯ್ತಲ್ಲ, ಇನ್ನೊಂದು ಸಲ ಯಾಕೆ ಚುಚ್ಚಬೇಕು?" ಅಂತ ಕೇಳುತ್ತಾರೆ. ಹಾಗೆ ಫೋನ್ ಮಾಡುವ ಲ್ಯಾಬನ್ನು ದಯವಿಟ್ಟು ಬಯ್ಯಬೇಡಿ. ಅವರು ನಿಮ್ಮ ಒಳ್ಳೆಯದಕ್ಕೇ ಮಾಡುತ್ತಿದ್ದಾರೆ.

ಎಲ್‌ಡಿಎಚ್, ಪೊಟ್ಯಾಶಿಯಂ, ಎಸ್‌ಜಿಒಟಿ (ಲಿವರ್ ಟೆಸ್ಟಿನಲ್ಲಿ ನೋಡುವ ಇನ್ನೊಂದು ಕಿಣ್ವ) ಮೂರೂ ಒಟ್ಟಿಗೆ ಏರಿದ್ದು, ಮನುಷ್ಯ ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದರೆ ನನಗೆ ಮೊದಲ ಅನುಮಾನ ಸ್ಯಾಂಪಲ್ ಮೇಲೆಯೇ. ಮೂರೂ ಕೆಂಪು ಕಣದೊಳಗೆ ತುಂಬಿಕೊಂಡಿರುವ ವಸ್ತುಗಳು.

ಮುಂಬೈಯಲ್ಲಿ ಸ್ಯಾಂಪಲ್ ಓಡಾಡುವ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಿಗ್ಗೆ ಆರಕ್ಕೆ ಬದ್ಲಾಪುರದಲ್ಲಿ ತೆಗೆದ ರಕ್ತ, ಕಲೆಕ್ಷನ್ ಹುಡುಗನ ಬೆನ್ನಿನ ಚೀಲದಲ್ಲಿ, ಸೆಂಟ್ರಲ್ ಲೈನಿನ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ನಿಂತುಕೊಂಡು ಬರುತ್ತದೆ. ಮಳೆಗಾಲದಲ್ಲಿ ಸಾಯನ್, ಕುರ್ಲಾ ಹತ್ತಿರ ಹಳಿ ಮೇಲೆ ನೀರು ನಿಂತರೆ ಟ್ರೇನೂ ನಿಲ್ಲುತ್ತದೆ, ಸ್ಯಾಂಪಲ್ಲೂ ನಿಲ್ಲುತ್ತದೆ. ಸೀರಂ ಬೇರೆ ಮಾಡದೆ ಹೊತ್ತು ಕಳೆದ ಹಾಗೆ ಕಣಗಳಿಂದ ಎಲ್‌ಡಿಎಚ್ ಸೋರುತ್ತಾ ಹೋಗುತ್ತದೆ. ಹಾಗಂತ ಐಸಿನಲ್ಲಿ ಇಟ್ಟರೆ ಅದೂ ಸರಿಯಲ್ಲ. ಈ ಕಿಣ್ವದ ಕೆಲವು ಬಗೆಗಳಿಗೆ ಚಳಿ ಆಗುವುದಿಲ್ಲ, ತಣ್ಣಗಿಟ್ಟರೆ ಶಕ್ತಿ ಕಳೆದುಕೊಳ್ಳುತ್ತವೆ. ಉಳಿದ ಎಷ್ಟೋ ಟೆಸ್ಟುಗಳ ಸೀರಂ ಫ್ರಿಜ್ಜಿಗೆ ಹೋಗುತ್ತದೆ. ಎಲ್‌ಡಿಎಚ್ ಸೀರಂ ಮಾತ್ರ ರೂಮಿನ ಉಷ್ಣತೆಯಲ್ಲೇ ಇರಬೇಕು. ಒಳ್ಳೆಯ ಕಲೆಕ್ಷನ್ ಸೆಂಟರಿನವರು ಅಲ್ಲೇ ಸೀರಂ ಬೇರೆ ಮಾಡಿ ಕಳಿಸುತ್ತಾರೆ.

ರಕ್ತ ತೆಗೆಯುವ ಹುಡುಗ ಹುಡುಗಿಯರಿಗೆ ನಮ್ಮಲ್ಲಿ ಸಿಗುವ ಸಂಬಳ ತೀರಾ ಕಡಿಮೆ. ಲಕ್ಷಾಂತರ ರೂಪಾಯಿಯ ಮಷಿನ್ ತರುತ್ತಾರೆ, ಆ ಮಷಿನಿಗೆ ಒಳ್ಳೆಯ ರಕ್ತ ಕೊಡುವ ಕೈಗೆ ಬೆಲೆ ಕೊಡುವುದಿಲ್ಲ. ಒಳ್ಳೆಯ ಕೈ ಇರುವ ಒಬ್ಬಳು ಹುಡುಗಿ ಲ್ಯಾಬ್ ಬಿಟ್ಟು ಹೋದರೆ ನನಗೆ ಮರುದಿನದ ಸೀರಂ ಬಣ್ಣದಲ್ಲೇ ಗೊತ್ತಾಗುತ್ತದೆ. ಇದನ್ನು ಮೀಟಿಂಗುಗಳಲ್ಲೂ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಸ್ಯಾಂಪಲ್ ಚೆನ್ನಾಗಿದೆ, ಆದರೂ ಎಲ್‌ಡಿಎಚ್ ಜಾಸ್ತಿ ಇದೆ ಅಂತ ಇಟ್ಟುಕೊಳ್ಳಿ. ಆಗ ಏನು? ನಮ್ಮ ದೊಡ್ಡಮ್ಮನ ಕಥೆ ಹೇಳುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಮಗಾ, ನಾಲ್ಕು ಜನಕ್ಕೆ ಉಪಕಾರ ಆಗಲಿ" ಅಂದರು.

ದೊಡ್ಡಮ್ಮ ಅಂದರೆ ದೂರದ ಸಂಬಂಧ, ಇಲ್ಲೇ ನಮ್ಮ ಬಿಲ್ಡಿಂಗಿನಲ್ಲಿ ಇರುವವರು. ವಯಸ್ಸು ಅರವತ್ತು ದಾಟಿದೆ. ಶುದ್ಧ ಸಸ್ಯಾಹಾರಿ. ಹಾಲು ಕಂಡರೆ ಆಗುವುದಿಲ್ಲ, ಚಾ ಕೂಡ ಕಪ್ಪು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆಯಿಂದ ಮೆಟ್‌ಫಾರ್ಮಿನ್ ಮಾತ್ರೆ. ಕೆಲವು ತಿಂಗಳಿಂದ ಸುಸ್ತು. ಸ್ಟೇಷನ್ನಿನ ಸೇತುವೆ ಹತ್ತಲು ಆಗುತ್ತಿರಲಿಲ್ಲ. ಕಾಲಿನಲ್ಲಿ ಜುಮುಜುಮು. ಮುಖ ಬಿಳಿಚಿಕೊಂಡು ತೆಳ್ಳಗೆ ಹಳದಿ ಬಣ್ಣಕ್ಕೆ ತಿರುಗಿತ್ತು. ವಯಸ್ಸಾಯಿತು, ಸಕ್ಕರೆ ಬೇರೆ ಇದೆ, ಇದೆಲ್ಲ ಇರುವುದೇ ಅಂತ ಸುಮ್ಮನಿದ್ದರು.

ಒಂದು ದಿನ ಅವರ ಮಗ ರಿಪೋರ್ಟ್ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಐರೋಲಿಯ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ. "ಅಕ್ಕಾ, ಒಂದು ಸಲ ನೋಡು. ಅಮ್ಮನಿಗೆ ಬ್ಲಡ್ ಕ್ಯಾನ್ಸರ್ ಇರಬಹುದು ಅಂತ ಹೇಳಿದರು." ಹೇಳುವಾಗ ಅವನ ಕೈ ನಡುಗುತ್ತಿತ್ತು. ಎಲ್ಲಿ ಹೇಳಿದರು, ಯಾರು ಹೇಳಿದರು ಅನ್ನುವುದು ಇಲ್ಲಿ ಬೇಡ.

ಹೀಮೋಗ್ಲೋಬಿನ್ 6.4. ಬಿಳಿ ಕಣ ಕಡಿಮೆ, ಪ್ಲೇಟ್‌ಲೆಟ್ಟೂ ಕಡಿಮೆ. ಕೆಂಪು ಕಣ ಒಡೆದಾಗ ಏರುವ ಹಳದಿ ವಸ್ತು ಬಿಲಿರುಬಿನ್ ಸ್ವಲ್ಪ ಜಾಸ್ತಿ. ಎಲ್‌ಡಿಎಚ್ 2,860. ಆ ಲ್ಯಾಬಿನ ಮಿತಿಗೆ ಹತ್ತು ಪಟ್ಟಿಗೂ ಮೇಲೆ. ಮೂರೂ ಬಗೆಯ ಕಣ ಕಡಿಮೆ, ಎಲ್‌ಡಿಎಚ್ ಆಕಾಶದಲ್ಲಿ. ಇದನ್ನು ಮೊಬೈಲಿನಲ್ಲಿ ಹಾಕಿದರೆ ಬೇರೆ ಏನು ಬಂದೀತು? ಅವನು ಹೆದರಿದ್ದರಲ್ಲಿ ತಪ್ಪೇನೂ ಇಲ್ಲ.

ನಾನು ನೋಡಿದ್ದು ಅದೇ ಕಾಗದದ ಇನ್ನೊಂದು ಸಾಲು. ಎಂಸಿವಿ 121. ಅಂದರೆ ಕೆಂಪು ಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100ರ ಒಳಗೆ ಇರಬೇಕು. 121 ಅಂದರೆ ಕಣಗಳು ಅತಿಯಾಗಿ ಊದಿವೆ. ಆ ಸಾಲಿಗೆ ಬಾಣ ಇತ್ತು, ಆದರೆ ಅದರ ಬಗ್ಗೆ ಯಾರೂ ಮಾತಾಡಿರಲಿಲ್ಲ. ಎಲ್ಲರ ಕಣ್ಣೂ 2,860ರ ಮೇಲೆ ನೆಟ್ಟಿತ್ತು.

ಮರುದಿನ ದೊಡ್ಡಮ್ಮನ ರಕ್ತ ನಮ್ಮ ಲ್ಯಾಬಿಗೆ ಬಂತು. ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ದೊಡ್ಡ ದೊಡ್ಡ ಮೊಟ್ಟೆ ಆಕಾರದ ಕೆಂಪು ಕಣಗಳು. ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣದ ಬೀಜ ಸಾಮಾನ್ಯವಾಗಿ ಮೂರು ನಾಲ್ಕು ಹೋಳಾಗಿರುತ್ತದೆ. ಇಲ್ಲಿ ಆರು ಹೋಳು, ಕೆಲವದರಲ್ಲಿ ಏಳು. ಕ್ಯಾನ್ಸರಿನಲ್ಲಿ ಕಾಣುವಂಥ ಎಳೆಯ ಕಣ ಒಂದೂ ಇರಲಿಲ್ಲ. ನಮ್ಮ ಪೆಥಾಲಜಿಸ್ಟ್ ಮೇಡಂ ಬಂದು ನೋಡಿದರು. ತುಂಬ ಹೊತ್ತು ನೋಡಿ, "ಬಿ12 ಕಳಿಸಿ, ರೆಟಿಕ್ ಕೂಡ ಮಾಡಿ" ಅಂದರು.

ರೆಟಿಕ್ ಅಂದರೆ ಹೊಸದಾಗಿ ಹುಟ್ಟಿದ ಕೆಂಪು ಕಣಗಳ ಲೆಕ್ಕ. ಎಲ್‌ಡಿಎಚ್‌ಗೆ ಅರ್ಥ ಬರುವುದು ಇಂಥ ಜೊತೆಗಾರರಿಂದ. ರಕ್ತನಾಳದಲ್ಲಿ ಓಡಾಡುವ ಕಣಗಳು ಕಾಯಿಲೆಯಿಂದ ಒಡೆಯುತ್ತಿದ್ದರೆ ಮೂಳೆಯೊಳಗಿನ ಮಜ್ಜೆ ಗಾಬರಿಯಿಂದ ಹೊಸ ಕಣಗಳನ್ನು ಹುಟ್ಟಿಸುತ್ತದೆ, ರೆಟಿಕ್ ಏರುತ್ತದೆ. ದೊಡ್ಡಮ್ಮನ ರೆಟಿಕ್ ಕಡಿಮೆ ಇತ್ತು. ಕಣಗಳು ಹೊರಗೆ ಬಂದು ಒಡೆಯುತ್ತಿರಲಿಲ್ಲ. ಹುಟ್ಟುವ ಜಾಗದಲ್ಲೇ, ಮಜ್ಜೆಯಲ್ಲೇ ಸಾಯುತ್ತಿದ್ದವು. ಕೋಶ ಎರಡಾಗಲು ಡಿಎನ್‌ಎ ಬೇಕು, ಡಿಎನ್‌ಎ ಮಾಡಲು ಬಿ12 ಬೇಕು. ಅದು ಇಲ್ಲದಿದ್ದಾಗ ಕಣ ದೊಡ್ಡದಾಗುತ್ತಾ ಹೋಗುತ್ತದೆ, ಎರಡಾಗಲು ಆಗುವುದಿಲ್ಲ, ಕೊನೆಗೆ ಅಲ್ಲೇ ಒಡೆಯುತ್ತದೆ. ಹೀಗೆ ರಾಶಿ ರಾಶಿ ಸತ್ತ ಎಳೆ ಕಣಗಳ ಎಲ್‌ಡಿಎಚ್ ರಕ್ತಕ್ಕೆ ಬರುತ್ತದೆ. ಅದಕ್ಕೇ ಬಿ12 ಕೊರತೆಯಲ್ಲಿ ಕಾಣುವಷ್ಟು ಎತ್ತರದ ಎಲ್‌ಡಿಎಚ್ ಎಷ್ಟೋ ಗಂಭೀರ ಕಾಯಿಲೆಗಳಲ್ಲೂ ಕಾಣುವುದಿಲ್ಲ.

ಬಿ12 ಮಷಿನ್ ಅಳೆಯುವ ಕೆಳಗಿನ ಮಿತಿಗಿಂತಲೂ ಕೆಳಗೆ ಬಂತು.

ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಸೊಪ್ಪು ತರಕಾರಿಯಲ್ಲಿ ಇಲ್ಲ. ಹಾಲನ್ನೂ ಬಿಟ್ಟ ಸಸ್ಯಾಹಾರಿಗಳಿಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಮೆಟ್‌ಫಾರ್ಮಿನ್ ತುಂಬ ವರ್ಷ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗಬಹುದು. ಹೊಟ್ಟೆ ಉರಿಗೆ ದಿನಾ ನುಂಗುವ ಆಸಿಡ್ ಮಾತ್ರೆಗಳಿಂದಲೂ ಹಾಗೆ ಆಗಬಹುದು. ಕೆಲವರ ಹೊಟ್ಟೆಯಲ್ಲಿ ಬಿ12 ಹೀರಲು ಬೇಕಾದ ಪ್ರೋಟೀನೇ ತಯಾರಾಗುವುದಿಲ್ಲ. ದೊಡ್ಡಮ್ಮನಿಗೆ ಮೊದಲ ಎರಡು ಕಾರಣ ಕೂಡಿಕೊಂಡಿದ್ದವು. ಹಾಗಂತ ಯಾರೂ ಸಕ್ಕರೆ ಮಾತ್ರೆ ತಾವಾಗಿ ನಿಲ್ಲಿಸಬೇಡಿ. ಬಿ12 ನೋಡಿಸಬೇಕಾ ಅಂತ ಡಾಕ್ಟರನ್ನು ಕೇಳಿ, ಸಾಕು.

ಡಾಕ್ಟರು ಇಂಜೆಕ್ಷನ್ ಶುರುಮಾಡಿದರು. ಒಂದು ವಾರ ಆಗುವಷ್ಟರಲ್ಲಿ ರೆಟಿಕ್ ಜಿಗಿಯಿತು. ಎಲ್‌ಡಿಎಚ್ ಅದಕ್ಕಿಂತ ಮೊದಲೇ ಇಳಿಯಲು ಶುರುವಾಗಿತ್ತು. ನಾನು ದಿನಾ ಡ್ಯೂಟಿಗೆ ಬಂದ ಕೂಡಲೇ ಅವರ ರಿಪೋರ್ಟ್ ಬಂದಿದೆಯಾ ಅಂತ ನೋಡುತ್ತಿದ್ದೆ. ಹೀಮೋಗ್ಲೋಬಿನ್ ಸರಿಯಾಗಲು ಎರಡು ತಿಂಗಳ ಹತ್ತಿರ ಹಿಡಿಯಿತು. ಕಾಲಿನ ಜುಮುಜುಮು ಪೂರ್ತಿ ಹೋಗಿಲ್ಲ. ನರಕ್ಕೆ ಆದ ಪೆಟ್ಟು ಬೇಗ ವಾಸಿಯಾಗುವುದಿಲ್ಲ. ಒಂದು ವರ್ಷ ಮೊದಲೇ ಗೊತ್ತಾಗಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಅಮ್ಮಂದಿರ ಸುಸ್ತನ್ನು ವಯಸ್ಸಿನ ತಲೆಗೆ ಕಟ್ಟಿಬಿಡುತ್ತೇವಲ್ಲ, ಅದು ನಿಲ್ಲಬೇಕು.

ಹಾಗಾದರೆ ಎಲ್‌ಡಿಎಚ್‌ಗೂ ಕ್ಯಾನ್ಸರಿಗೂ ಸಂಬಂಧವೇ ಇಲ್ವಾ? ಇದೆ. ಸುಳ್ಳು ಸಮಾಧಾನ ಹೇಳಲು ನನಗೆ ಇಷ್ಟ ಇಲ್ಲ. ಬೇಗ ಬೇಗ ಬೆಳೆಯುವ ಗಡ್ಡೆಗಳಲ್ಲಿ ಕೋಶಗಳು ಹುಟ್ಟುವುದೂ ಜಾಸ್ತಿ, ಸಾಯುವುದೂ ಜಾಸ್ತಿ. ಲಿಂಫೋಮಾ ಅನ್ನುವ ದುಗ್ಧಗ್ರಂಥಿಯ ಕ್ಯಾನ್ಸರ್, ವೃಷಣದ ಕೆಲವು ಕ್ಯಾನ್ಸರ್, ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್, ಇವುಗಳಲ್ಲಿ ಡಾಕ್ಟರು ಎಲ್‌ಡಿಎಚ್ ನೋಡಿಯೇ ನೋಡುತ್ತಾರೆ. ಪರೇಲಿನ ಟಾಟಾ ಆಸ್ಪತ್ರೆಗೆ ಊರಿನಿಂದ ಬರುವ ಸಂಬಂಧಿಕರು ನಮ್ಮಂಥವರ ಮನೆಯಲ್ಲೇ ಉಳಿದುಕೊಳ್ಳುತ್ತಾರೆ. ಲಿಂಫೋಮಾ ಇರುವವರ ಫೈಲಿನಲ್ಲಿ ಈ ಟೆಸ್ಟ್ ಮತ್ತೆ ಮತ್ತೆ ಕಾಣುತ್ತದೆ. ಆದರೆ ಅಲ್ಲಿ ಅದರ ಕೆಲಸ ಬೇರೆ. ಕಾಯಿಲೆ ಏನು ಅಂತ ಬಯಾಪ್ಸಿಯಿಂದ ಮೊದಲೇ ಗೊತ್ತಾಗಿರುತ್ತದೆ. ಎಷ್ಟು ಹರಡಿದೆ, ಔಷಧಕ್ಕೆ ಬಗ್ಗುತ್ತಿದೆಯಾ ಅನ್ನುವ ಅಂದಾಜಿಗೆ ಎಲ್‌ಡಿಎಚ್ ಸಹಾಯ ಮಾಡುತ್ತದೆ. ಬರೀ ಎಲ್‌ಡಿಎಚ್ ನೋಡಿ ಯಾವ ಕ್ಯಾನ್ಸರ್ ಡಾಕ್ಟರೂ ಕ್ಯಾನ್ಸರ್ ಅನ್ನುವುದಿಲ್ಲ.

ಹಿಂದೆ ಇದು ಹೃದಯದ ಟೆಸ್ಟ್ ಆಗಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಡಾಕ್ಟರುಗಳು ಹಾರ್ಟ್ ಅಟ್ಯಾಕ್ ಆದವರ ರಕ್ತದಲ್ಲಿ ಮೊದಲು ಎಸ್‌ಜಿಒಟಿ, ಆಮೇಲೆ ಎಲ್‌ಡಿಎಚ್ ಏರುವುದನ್ನು ಕಂಡುಕೊಂಡರು. ಈ ಕಿಣ್ವ ನಾಲ್ಕು ತುಂಡು ಸೇರಿ ಆಗಿರುತ್ತದೆ. ತುಂಡಿನಲ್ಲಿ ಎರಡು ಜಾತಿ, ಎಚ್ ಮತ್ತು ಎಂ. ಅವು ಬೇರೆ ಬೇರೆ ಲೆಕ್ಕದಲ್ಲಿ ಕೂಡಿ ಐದು ಬಗೆ ಆಗುತ್ತವೆ. ಹೃದಯ ಮತ್ತು ಕೆಂಪು ಕಣಗಳಲ್ಲಿ ಒಂದನೇ ಬಗೆ ಜಾಸ್ತಿ. ಲಿವರ್ ಮತ್ತು ಕೈಕಾಲಿನ ಸ್ನಾಯುಗಳಲ್ಲಿ ಐದನೆಯದು ಜಾಸ್ತಿ. ಚಳಿ ಆಗದ್ದು ಅಂತ ಹೇಳಿದೆನಲ್ಲ, ಅದರಲ್ಲಿ ಈ ಐದನೆಯದೂ ಒಂದು. ನಾನು ಕಲಿಯುವಾಗ ನಮ್ಮ ಸರ್ ಜೆಲ್ ಮೇಲೆ ಕರೆಂಟ್ ಹಾಯಿಸಿ ಐದು ಪಟ್ಟೆಗಳನ್ನು ಬೇರೆ ಮಾಡಿ ತೋರಿಸಿದ್ದರು. ಸಾಮಾನ್ಯವಾಗಿ ಎರಡನೇ ಪಟ್ಟೆ ಮೊದಲನೆಯದಕ್ಕಿಂತ ದಪ್ಪ. ಹಾರ್ಟ್ ಅಟ್ಯಾಕ್ ಆದಾಗ ಮೊದಲನೆಯದು ದಪ್ಪವಾಗುತ್ತದೆ. ಆ ಜೆಲ್ ನೋಡಿದ ದಿನವೇ ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿತು. ಈಗ ಹೃದಯಕ್ಕೆ ಟ್ರೋಪೋನಿನ್ ಅನ್ನುವ ಬೇರೆ ರಕ್ತದ ಟೆಸ್ಟ್ ಬಂದಿದೆ. ಕೆಲವೇ ಗಂಟೆಗಳಲ್ಲಿ ಏರುತ್ತದೆ, ಹೃದಯದ್ದೇ ಅಂತ ಬೆಟ್ಟು ಮಾಡಿ ತೋರಿಸುತ್ತದೆ. ಎಲ್‌ಡಿಎಚ್ ಆ ಜಾಗ ಬಿಟ್ಟುಕೊಟ್ಟದ್ದು ಒಳ್ಳೆಯದೇ ಆಯಿತು.

ಮುಂಬೈಯ ಮಳೆಗಾಲದಲ್ಲಿ ನಾವು ಎಲ್‌ಡಿಎಚ್ ಜಾಸ್ತಿ ನೋಡುವುದು ಮಲೇರಿಯಾದಲ್ಲಿ. ಪರಾವಲಂಬಿ ಕೆಂಪು ಕಣದೊಳಗೆ ಬೆಳೆದು ಅದನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಇನ್ನೂ ಒಂದು ವಿಷಯ ಇದೆ. ಆ ಪರಾವಲಂಬಿಯೂ ಸಕ್ಕರೆ ಒಡೆದೇ ಬದುಕುತ್ತದೆ, ಹಾಗಾಗಿ ಅದರ ಹತ್ತಿರ ಅದರದ್ದೇ ಎಲ್‌ಡಿಎಚ್ ಇದೆ. ನಮ್ಮದಕ್ಕಿಂತ ಅದರ ರಚನೆ ಸ್ವಲ್ಪ ಬೇರೆ. ಜ್ವರ ಬಂದಾಗ ಒಂದು ಹನಿ ರಕ್ತ ಹಾಕಿ ಗೆರೆ ನೋಡುವ ಮಲೇರಿಯಾ ಕಾರ್ಡ್ ಇದೆಯಲ್ಲ, ಹಲವು ಕಾರ್ಡುಗಳಲ್ಲಿ ಒಂದು ಗೆರೆ ಗುರುತಿಸುವುದು ಈ ಪರಾವಲಂಬಿಯ ಎಲ್‌ಡಿಎಚ್ ಅನ್ನೇ. ಜೀವಂತ ಪರಾವಲಂಬಿ ಮಾತ್ರ ಇದನ್ನು ಮಾಡುತ್ತದೆ. ಔಷಧ ಹಿಡಿದು ಅದು ಸತ್ತರೆ ಆ ಗೆರೆ ಬೇಗ ಮಾಯವಾಗುತ್ತದೆ.

ಶ್ವಾಸಕೋಶದ ಸುತ್ತ ನೀರು ತುಂಬಿದಾಗಲೂ ಈ ಟೆಸ್ಟ್ ಬೇಕು. ಟಿಬಿ ಜಾಸ್ತಿ ಇರುವ ಈ ಊರಿನಲ್ಲಿ ಅಂಥ ನೀರು ನಮ್ಮ ಲ್ಯಾಬಿಗೆ ಬರುತ್ತಲೇ ಇರುತ್ತದೆ. ರಿಚರ್ಡ್ ಲೈಟ್ ಅನ್ನುವ ಅಮೆರಿಕದ ಡಾಕ್ಟರು 1972ರಲ್ಲಿ ಒಂದು ಲೆಕ್ಕ ಕೊಟ್ಟರು. ಆ ನೀರಿನ ಎಲ್‌ಡಿಎಚ್ ರಕ್ತದ ಎಲ್‌ಡಿಎಚ್‌ನ 0.6 ಭಾಗಕ್ಕಿಂತ ಜಾಸ್ತಿ ಇದ್ದರೆ, ಟಿಬಿ, ನ್ಯುಮೋನಿಯಾ, ಕ್ಯಾನ್ಸರಿನಂಥ ಕಾರಣಗಳ ಕಡೆ ನೋಡಬೇಕು. ಪ್ರೋಟೀನಿಗೂ ಇಂಥದ್ದೇ ಲೆಕ್ಕ ಇದೆ. ಎಲ್ಲ ಕಡಿಮೆ ಇದ್ದರೆ ಹೃದಯ, ಲಿವರ್, ಕಿಡ್ನಿಯ ತೊಂದರೆಯಿಂದ ನೀರು ಬರೀ ಜಿನುಗಿ ಬಂದಿರಬಹುದು. ಇದಕ್ಕೆ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ತೆಗೆದ ರಕ್ತವೂ ಬೇಕು. ಬರೀ ನೀರು ಕಳಿಸಿ, ರಕ್ತ ಆಮೇಲೆ ನೋಡೋಣ ಅಂದರೆ ಲೆಕ್ಕ ನಿಲ್ಲುವುದಿಲ್ಲ.

ಕೋವಿಡ್ ಸಮಯದಲ್ಲಿ ಎಲ್ಲರ ಬಾಯಲ್ಲೂ ಡಿ-ಡೈಮರ್, ಫೆರಿಟಿನ್ ಜೊತೆ ಎಲ್‌ಡಿಎಚ್ ಬಂತು. ಶ್ವಾಸಕೋಶಕ್ಕೆ ಎಷ್ಟು ಪೆಟ್ಟಾಗಿದೆ ಅಂತ ಅಂದಾಜು ಮಾಡಲು ನೋಡುತ್ತಿದ್ದರು. ಈಗಿನ ಭಯಕ್ಕೆ ಆ ದಿನಗಳ ನೆನಪೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಕೆಲವು ಸಣ್ಣ ಮಾತು. ಈ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಜೋರು ವ್ಯಾಯಾಮ ಮಾಡಿದ ಮರುದಿನ ಕೊಡಬೇಡಿ. ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿದವರು ಆ ವಾರದಲ್ಲೇ ಹೆಲ್ತ್ ಚೆಕಪ್ ಮಾಡಿಸಿಕೊಂಡರೆ ಸಿಪಿಕೆ (ಸ್ನಾಯುವಿನ ಕಿಣ್ವ), ಎಸ್‌ಜಿಒಟಿ, ಎಲ್‌ಡಿಎಚ್ ಎಲ್ಲ ಏರಿರುತ್ತವೆ. ಅದು ಸ್ನಾಯುವಿನದ್ದು. ಬಾಣ ಮಿತಿಗಿಂತ ಸ್ವಲ್ಪವೇ ಮೇಲಿದ್ದು, ಹೀಮೋಗ್ಲೋಬಿನ್, ಲಿವರ್, ಕಿಡ್ನಿ ಎಲ್ಲ ಸರಿ ಇದ್ದು, ನಿಮಗೂ ಏನೂ ತೊಂದರೆ ಇಲ್ಲದಿದ್ದರೆ, ಡಾಕ್ಟರು ಸಾಮಾನ್ಯವಾಗಿ ಇನ್ನೊಂದು ಸಲ ಮಾಡಿಸಲು ಹೇಳುತ್ತಾರೆ. ಅದೇ ಲ್ಯಾಬಿನಲ್ಲಿ ಮಾಡಿಸಿ. ಅಪರೂಪಕ್ಕೆ ಕೆಲವರ ರಕ್ತದಲ್ಲಿ ಈ ಕಿಣ್ವ ಒಂದು ಪ್ರೋಟೀನಿಗೆ ಅಂಟಿಕೊಂಡು ಬೇಗ ಹೊರಗೆ ಹೋಗದೆ ಉಳಿಯುತ್ತದೆ. ವರ್ಷಗಟ್ಟಲೆ ಜಾಸ್ತಿಯೇ ತೋರಿಸುತ್ತದೆ, ಕಾಯಿಲೆ ಇರುವುದಿಲ್ಲ.

ಆದರೆ ಕೆಲವು ಲಕ್ಷಣ ಕಂಡರೆ ತಡ ಮಾಡಬೇಡಿ. ಕಣ್ಣು ಹಳದಿಯಾಗಿ ಮೂತ್ರ ಕಪ್ಪು ಚಾದ ಬಣ್ಣಕ್ಕೆ ತಿರುಗಿದರೆ, ನಾಲ್ಕು ಹೆಜ್ಜೆಗೇ ಉಸಿರು ಕಟ್ಟಿದರೆ, ಅದೇ ದಿನ ಡಾಕ್ಟರಿಗೆ ತೋರಿಸಿ. ಗರ್ಭಿಣಿಯರ ವಿಷಯದಲ್ಲಂತೂ ಇನ್ನೂ ಹುಷಾರು. ಕೊನೆಯ ತಿಂಗಳುಗಳಲ್ಲಿ ಬಿಪಿ ಏರಿ, ತಲೆನೋವು, ಹೊಟ್ಟೆಯ ಬಲಗಡೆ ಮೇಲ್ಭಾಗದಲ್ಲಿ ನೋವು ಇದ್ದು, ಎಲ್‌ಡಿಎಚ್ 600 ದಾಟಿ, ಲಿವರಿನ ಕಿಣ್ವ ಏರಿ, ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಅದು ಹೆಲ್ಪ್ ಸಿಂಡ್ರೋಮ್ ಇರಬಹುದು. ತಾಯಿಗೂ ಮಗುವಿಗೂ ಅಪಾಯ. ಕೆಲವರಿಗೆ ಬಿಪಿ ಅಷ್ಟು ಏರದೆಯೂ ಇದು ಬರುತ್ತದೆ. ಅಂಥ ನೋವು ಕಾಣಿಸಿಕೊಂಡರೆ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿಸಿ ಮಲಗಿಸಬೇಡಿ. ರಾತ್ರಿ ಎಷ್ಟು ಗಂಟೆಯಾಗಿದ್ದರೂ ರಿಕ್ಷಾ ಹಿಡಿದು, ಹೆರಿಗೆಗೆ ಹೆಸರು ಬರೆಸಿದ ಆಸ್ಪತ್ರೆಗೇ ಹೋಗಿ. ಹಳೆಯ ರಿಪೋರ್ಟುಗಳ ಫೈಲ್ ಜೊತೆಗಿರಲಿ.